ಟ್ಯಾಟೂನಲ್ಲಿ ಕೆಂಪು ಬಣ್ಣದ ಜಾಗ ಮಾತ್ರ ಉಬ್ಬಿ ತುರಿಸುತ್ತಿದೆ, ಯಾರಿಗಾದರೂ ಹೀಗಾಗಿದೆಯಾ?

ಬಯಲುಸೀಮೆ ಹೈದ
ಎಲ್ಲರಿಗೂ ನಮಸ್ಕಾರ. ಹೋದ ರಾಜ್ಯೋತ್ಸವಕ್ಕೆ ಎಡ ಮುಂಗೈ ಮೇಲೆ ಕರ್ನಾಟಕದ ನಕ್ಷೆ ಹಾಕಿಸಿದ್ದೆ. ಸುತ್ತ ಕಪ್ಪು ಗೆರೆ, ಒಳಗೆ ಬಾವುಟದ ಹಾಗೆ ಮೇಲೆ ಹಳದಿ, ಕೆಳಗೆ ಕೆಂಪು. ಆಗ ಏನೂ ತೊಂದರೆ ಇರಲಿಲ್ಲ. ಸಿಪ್ಪೆ ಎದ್ದು ಉದುರಿ ಚೆನ್ನಾಗಿಯೇ ಮಾಗಿತ್ತು. ಯುಗಾದಿ ಕಳೆದ ಮೇಲೆ ಶುರುವಾಯಿತು ನೋಡಿ ರಗಳೆ. ಈಗ ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ: ಬೀದರ್‌ನಿಂದ ಹುಬ್ಬಳ್ಳಿ ತನಕ ಚರ್ಮ ನುಣ್ಣಗಿದೆ, ಹಾವೇರಿ ಹತ್ತಿರ ಉಬ್ಬು ಶುರುವಾದರೆ ಚಾಮರಾಜನಗರದ ತನಕ ಗಟ್ಟಿ ಗಟ್ಟಿ. ರಾತ್ರಿ ತುರಿಕೆ ತಡೆಯಲು ಆಗುವುದಿಲ್ಲ.

ಹಾಕಿಸಿದ ಕಡೆ ಹೋಗಿ ಕೇಳಿದರೆ "ಒಣ ಚರ್ಮ ಅಣ್ಣ, ತೆಂಗಿನೆಣ್ಣೆ ಹಚ್ಚಿ" ಎಂದು ಕೈ ತೊಳೆದುಕೊಂಡರು. ಮೆಡಿಕಲ್ ಶಾಪ್‌ನವರು ಒಂದು ಕ್ರೀಮ್ ಕೊಟ್ಟರು. ಹಚ್ಚಿದಷ್ಟು ದಿನ ಇಳಿಯುತ್ತದೆ, ಬಿಟ್ಟರೆ ಮತ್ತೆ ಹಾಗೇ. ತಾನಾಗಿ ಹೋಗುತ್ತದಾ? ಇಲ್ಲ ಲೇಸರ್ ಮಾಡಿಸಿ ತೆಗೆಸಿಬಿಡಲಾ?

ತಲೆಹರಟೆ
ಅರಿಶಿನ ಶಾಂತಿ, ಕುಂಕುಮ ಕ್ರಾಂತಿ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಸುಮ್ನೆ ಅಲ್ಲ.

ಹುಬ್ಳಿ ಗಿರಮಿಟ್
ಹುಬ್ಬಳ್ಳಿ ತನಕ ಆರಾಮ ಇದೆ ಅಂದಿರಲ್ಲ, ಅಷ್ಟು ಸಾಕು ನಮಗೆ.

ಸೂಜಿಮಲ್ಲಿಗೆ
ನಾನು ಬೆಂಗಳೂರಿನಲ್ಲಿ ಟ್ಯಾಟೂ ಹಾಕುವವಳು. ಜೋಕ್ ಆಮೇಲೆ ಮಾಡಿ. ಮೊದಲು ಒಂದು ಮಾತು: ಲೇಸರ್‌ಗೆ ಈಗಲೇ ಹೋಗಬೇಡಿ. ಚರ್ಮದ ಡಾಕ್ಟರಿಗೆ ತೋರಿಸದೆ ಅಂತೂ ಬೇಡವೇ ಬೇಡ.

ಇದು ಒಣ ಚರ್ಮ ಅಲ್ಲ. ಒಣ ಚರ್ಮಕ್ಕೆ ಬಣ್ಣ ಗೊತ್ತಾಗುವುದಿಲ್ಲ, ತುರಿಸಿದರೆ ಹಳದಿಯೂ ತುರಿಸಬೇಕಿತ್ತು. ಕೆಂಪು ಶಾಯಿಗೆ ಆಗುವ ಅಲರ್ಜಿ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಬೇರೆಲ್ಲ ಬಣ್ಣಕ್ಕಿಂತ ಕೆಂಪಿಗೆ ಜಾಸ್ತಿ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಿಟ್ಟು ಕಾಣಿಸಿಕೊಳ್ಳುತ್ತದೆ. "ಆಗ ಏನೂ ಆಗಲಿಲ್ಲ" ಎಂದು ನೀವು ಹೇಳಿದ್ದು ಅದಕ್ಕೆ ಸರಿಯಾಗಿ ಹೊಂದುತ್ತದೆ.

ಹಾಕಿಸಿದ ಕಡೆ ಇನ್ನೊಂದು ಸಲ ಹೋಗಿ. ಜಗಳ ಆಡಬೇಡಿ. ಕೆಂಪು ಬಾಟಲಿಯ ಫೋಟೋ ತೆಗೆದುಕೊಳ್ಳಿ. ಕಂಪನಿ, ಬ್ಯಾಚ್ ನಂಬರ್, ಪಿಗ್ಮೆಂಟ್ ಕೋಡ್ (ಒಳಗಿರುವುದು ಯಾವ ಬಣ್ಣದ ವಸ್ತು ಎಂದು ಹೇಳುವ ನಂಬರ್) ಮೂರೂ ಕಾಣಬೇಕು. ಒಳ್ಳೆ ಶಾಯಿಯ ಮೇಲೆ ಕೋಡ್ ಬರೆದಿರುತ್ತದೆ. ಬರೆದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಮಲ್ನಾಡ್ ಮಳೆ
ಇದು ಇನ್ಫೆಕ್ಷನ್ ಅಷ್ಟೇ. ನನಗೂ ಆಗಿತ್ತು. ಕೀವು ತುಂಬಿ, ಜ್ವರ ಬಂದು, ಐದು ದಿನ ಆಂಟಿಬಯಾಟಿಕ್ ನುಂಗಿದ ಮೇಲೆ ಸರಿ ಹೋಯಿತು. ತಲೆ ಕೆಡಿಸಿಕೊಳ್ಳಬೇಡಿ, ಅದನ್ನೇ ತಗೊಳ್ಳಿ.

ಸೂಜಿಮಲ್ಲಿಗೆ
ನಿಮಗೆ ಅದು ಆಗಿದ್ದು ಯಾವಾಗ?

ಮಲ್ನಾಡ್ ಮಳೆ
ಹಾಕಿಸಿದ ವಾರದಲ್ಲೇ. ಗೋಕರ್ಣದಲ್ಲಿ ಹಾಕಿಸಿ, ಮರುದಿನ ಸಮುದ್ರಕ್ಕೆ ಇಳಿದಿದ್ದೆವು.

ಸೂಜಿಮಲ್ಲಿಗೆ
ಹಸಿ ಗಾಯಕ್ಕೆ ಸಮುದ್ರದ ನೀರು! ಅದಕ್ಕೇ ಆಗಿದ್ದು. ಇವರದು ತಿಂಗಳುಗಳ ಕಥೆ, ಕೀವೂ ಇಲ್ಲ, ಜ್ವರವೂ ಇಲ್ಲ. ನಿಮ್ಮ ಮಾತ್ರೆ ಇವರಿಗೆ ಯಾಕೆ ಕೊಡುತ್ತೀರಿ?

ಚರ್ಮದ ಚೀಟಿ
ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಇಲ್ಲಿ ಯಾರಿಗೂ ಔಷಧಿ ಬರೆದುಕೊಡುವುದಿಲ್ಲ, ಆದರೆ ನಾವು ಓಪಿಡಿಯಲ್ಲಿ ಹೇಗೆ ನೋಡುತ್ತೇವೆ ಎಂದು ಹೇಳುತ್ತೇನೆ. ಟ್ಯಾಟೂ ತೊಂದರೆ ಬಂದಾಗ ಮೊದಲು ನೋಡುವುದು ಉಬ್ಬು ಎಷ್ಟಿದೆ ಎಂದಲ್ಲ, ಉಬ್ಬಿನ ಗಡಿ ಎಲ್ಲಿ ನಿಂತಿದೆ ಎಂದು.

ಒಂದೇ ಬಣ್ಣದ ಒಳಗೆ, ಆ ಬಣ್ಣದ ಗೆರೆಗೆ ಸರಿಯಾಗಿ ನಿಂತಿದ್ದರೆ ಶಾಯಿಯ ಮೇಲೆ ಅನುಮಾನ. ಚಿತ್ರ ಏನೇ ಇರಲಿ, ಚರ್ಮ ಚೌಕಾಕಾರದಲ್ಲಿ ಕೆಂಪಾಗಿ ಅಂಚು ನೇರವಾಗಿ ಕತ್ತರಿಸಿದ ಹಾಗೆ ಇದ್ದರೆ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಫಿಲ್ಮ್‌ನ ಅಂಟಿಗೆ ಆದ ಅಲರ್ಜಿ. ಮುಲಾಮು ಹಚ್ಚಿದಷ್ಟು ಅಗಲಕ್ಕೂ ಸಣ್ಣ ಗುಳ್ಳೆ ಎದ್ದಿದ್ದರೆ ಮುಲಾಮಿನದೇ ಕೆಲಸ. ಚಿತ್ರದ ಗೆರೆಯನ್ನೂ ದಾಟಿ ಒಳ್ಳೆ ಚರ್ಮದ ಮೇಲೆ ಗಟ್ಟಿಯಾಗಿ, ಹೊಳೆಯುತ್ತಾ ಬೆಳೆದಿದ್ದರೆ ಕೀಲಾಯ್ಡ್, ಅಂದರೆ ಗಾಯದ ಕಲೆ ಮಿತಿ ಮೀರಿ ಬೆಳೆದ ಗಂಟು. ಎದೆ, ಭುಜ, ಬೆನ್ನಿನ ಮೇಲ್ಭಾಗ, ಕಿವಿಯ ಹಾಲೆಯಲ್ಲಿ ಇದು ಜಾಸ್ತಿ, ನಮ್ಮಂಥ ಕಂದು ಚರ್ಮದವರಿಗೆ ಇನ್ನೂ ಜಾಸ್ತಿ. ಗಡಿ ಅಂತಲೇ ಇಲ್ಲದೆ ದಿನೇ ದಿನೇ ಹರಡುತ್ತಾ, ಮುಟ್ಟಿದರೆ ಬಿಸಿ, ನೋವು, ಕೀವು, ಜ್ವರ ಅಥವಾ ಕೈ ಮೇಲೆ ಹತ್ತುವ ಕೆಂಪು ಗೀರು ಇದ್ದರೆ ಅದು ಸೋಂಕು. ಆಗ ಇಲ್ಲಿ ಪೋಸ್ಟ್ ಹಾಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಸೋಂಕು ನಿಧಾನದ್ದು. ಬೂದು ಶೇಡಿಂಗ್ ಇರುವ ಕಡೆ ವಾರಗಳು ಬಿಟ್ಟು ಸಣ್ಣ ಸಣ್ಣ ಗಂಟು ಏಳುತ್ತವೆ. ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಮೈಕೋಬ್ಯಾಕ್ಟೀರಿಯಂ ಕೆಲೋನೆ ಎಂಬ ರೋಗಾಣು, ಟಿಬಿ ರೋಗಾಣುವಿನ ದೂರದ ನೆಂಟ. ಅಮೆರಿಕದ ರೋಚೆಸ್ಟರ್ ಊರಿನಲ್ಲಿ 2011-12ರಲ್ಲಿ ಒಬ್ಬನೇ ಕಲಾವಿದನ ಹತ್ತಿರ ಹಾಕಿಸಿದ ಹತ್ತಕ್ಕೂ ಹೆಚ್ಚು ಜನಕ್ಕೆ ಹೀಗಾಯಿತು. ಅವನ ತಪ್ಪೇನೂ ಇರಲಿಲ್ಲ. ನೀರು ಬೆರೆಸಿ ತಯಾರಿಸಿದ ಬೂದು ಶಾಯಿ ಬಾಟಲಿಯೊಳಗೇ ಕೆಟ್ಟಿತ್ತು. ಕಪ್ಪು ಶಾಯಿಗೆ ನಲ್ಲಿ ನೀರು ಬೆರೆಸಿ ಬೂದು ಮಾಡುವವರು ಇಲ್ಲೂ ಇದ್ದಾರೆ, ಕಣ್ಣಿಟ್ಟಿರಿ.

ಹೈದ ಅವರೇ, ಮೆಡಿಕಲ್ ಶಾಪ್ ಕ್ರೀಮ್‌ನ ಹೆಸರು ಬೇಡ, ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ ಹೇಳಿ.

ಬಯಲುಸೀಮೆ ಹೈದ
ಕ್ಲೋಬೆಟಾಸಾಲ್, ಜೆಂಟಾಮೈಸಿನ್, ಮೈಕೊನಾಜೋಲ್. ಟ್ಯೂಬ್ ಅರ್ಧ ಖಾಲಿ.

ಚರ್ಮದ ಚೀಟಿ
ಅಂದುಕೊಂಡೆ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರೂ ಸೇರಿದ ಮಿಸಳಭಾಜಿ. ಕ್ಲೋಬೆಟಾಸಾಲ್ ಸ್ಟೀರಾಯ್ಡ್‌ಗಳಲ್ಲೇ ತುಂಬ ಜೋರಿನದು. ಅದಕ್ಕೇ ಹಚ್ಚಿದಾಗ ಇಳಿಯುತ್ತದೆ. ಸ್ಟೀರಾಯ್ಡ್ ಇಂಥದ್ದಕ್ಕೆ ನಿಜವಾಗಿ ಕೊಡುವ ಔಷಧಿಯೇ, ಸುಳ್ಳಲ್ಲ. ಆದರೆ ಎಷ್ಟು, ಎಲ್ಲಿಯ ತನಕ ಎಂದು ಹೇಳುವವರು ಬೇಕು. ಸುಮ್ನೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣಿಸುತ್ತದೆ, ಒಳಗೆ ಸೋಂಕು ಇದ್ದರೆ ಮುಚ್ಚಿಹೋಗುತ್ತದೆ. 2018ರಿಂದ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮಾರುತ್ತಾರೆ, ಅದು ಬೇರೆ ಮಾತು.

ಕಾಫಿಪುಡಿ
ಹಾಗಾದರೆ ಹಾಕಿಸುವ ಮುಂಚೆ ಅಲರ್ಜಿ ಟೆಸ್ಟ್ ಮಾಡಿಸಿಬಿಟ್ಟರೆ ಆಯಿತು ಅಲ್ವಾ? ಇಷ್ಟೆಲ್ಲ ಯಾಕೆ?

ಚರ್ಮದ ಚೀಟಿ
ಹಾಗೆ ಆಗುವುದಿಲ್ಲ ಎಂಬುದೇ ಕಷ್ಟ. ಕೆಂಪು ಶಾಯಿಗೆ ಅಲರ್ಜಿ ಆದವರಿಗೇ ಆಮೇಲೆ ಪ್ಯಾಚ್ ಟೆಸ್ಟ್ (ಅನುಮಾನದ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿದರೂ ಎಷ್ಟೋ ಸಲ ಏನೂ ಬರುವುದಿಲ್ಲ. ಪ್ಯಾಚ್ ಚರ್ಮದ ಮೇಲೆ ಎರಡು ದಿನ ಕೂರುತ್ತದೆ. ಶಾಯಿ ಚರ್ಮದ ಒಳಪದರದಲ್ಲಿ ವರ್ಷಗಟ್ಟಲೆ ಕೂರುತ್ತದೆ, ಅಲ್ಲಿ ನಿಧಾನಕ್ಕೆ ಒಡೆದು ಬೇರೆ ವಸ್ತುವಾಗುತ್ತದೆ. ಅಲರ್ಜಿ ಬರುವುದು ಆ ಒಡೆದ ಚೂರಿಗೆ ಎಂದು ಈಗ ಅನುಮಾನ. ಹಿಂದೆ ಕೆಂಪಿಗೆ ಪಾದರಸ ಇರುವ ಇಂಗುಲೀಕ ಹಾಕುತ್ತಿದ್ದರು, ತಪ್ಪು ಅದರದು ಎಂದರು. ಈಗ ಹೆಚ್ಚಾಗಿ ಆಜೋ ಎಂಬ ಸಾವಯವ ಬಣ್ಣಗಳು. ಪಾದರಸ ಹೋಯಿತು, ತುರಿಕೆ ಹೋಗಲಿಲ್ಲ.

ಅಜ್ಜಿಮನೆ
ಏನೋ ದೊಡ್ಡದಾಗಿ ಮಾತಾಡುತ್ತೀರಿ. ನಮ್ಮಜ್ಜಿಗೆ ಎರಡೂ ಮುಂಗೈ ತುಂಬ ಹಚ್ಚೆ. ಕೊರವಂಜಿ ಮನೆ ಬಾಗಿಲಿಗೆ ಬಂದು, ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಹಾಡು ಹೇಳುತ್ತಾ ಸೂಜಿ ಚುಚ್ಚಿದ್ದಳಂತೆ. ಆಮೇಲೆ ಅರಿಶಿನ ಎಣ್ಣೆ. ಮುಗೀತು. ಎಂಬತ್ತು ದಾಟಿದರೂ ಒಂದು ಗುಳ್ಳೆ ಏಳಲಿಲ್ಲ. ಈ ಕೆಮಿಕಲ್ ಎಲ್ಲ ಬಂದ ಮೇಲೇ ಈ ಕಾಯಿಲೆ.

ಸೂಜಿಮಲ್ಲಿಗೆ
ನಿಮ್ಮಜ್ಜಿ ಹಚ್ಚೆಯಲ್ಲಿ ಕೆಂಪು ಇತ್ತಾ? ಕಾಡಿಗೆ ಅಂದರೆ ಬರೀ ಇಂಗಾಲ. ಇವತ್ತಿಗೂ ನಮ್ಮ ಕಪ್ಪು ಶಾಯಿ ಹೆಚ್ಚಾಗಿ ಇಂಗಾಲವೇ, ಇವತ್ತಿಗೂ ಅಲರ್ಜಿ ಕಡಿಮೆ ಇರುವುದು ಅದಕ್ಕೇ. ಅಜ್ಜಿ ಗೆದ್ದಿದ್ದು ಕಪ್ಪಿನಿಂದ, ಕೊರವಂಜಿಯ ಸೊಪ್ಪಿನಿಂದ ಅಲ್ಲ.

ಹುಬ್ಳಿ ಗಿರಮಿಟ್
ಮತ್ತೆ ಅದೇ ಸೂಜಿಯಲ್ಲಿ ಓಣಿಯ ಹೆಂಗಸರಿಗೆಲ್ಲ ಚುಚ್ಚುತ್ತಿದ್ದರು. ಯಾರಿಗೆ ಕಾಮಾಲೆ ಬಂತು, ಯಾಕೆ ಬಂತು ಅಂತ ಆಗ ಲೆಕ್ಕ ಇಟ್ಟವರು ಯಾರು?

ಅಜ್ಜಿಮನೆ
ಅಜ್ಜಿ ವಿಷಯಕ್ಕೆ ಬರಬೇಡಿ.

ಕಾಫಿಪುಡಿ
ಅರಿಶಿನ ಅಂದಿದ್ದಕ್ಕೆ ನೆನಪಾಯಿತು. ಕೆಲವರಿಗೆ ಅರಿಶಿನವೂ ಆಗಿಬರುವುದಿಲ್ಲ. ನನ್ನ ತಂಗಿಗೆ ಮದುವೆ ಅರಿಶಿನದಲ್ಲೇ ಕುತ್ತಿಗೆ ಪೂರ್ತಿ ಕೆಂಪಾಗಿತ್ತು. ಅಂಗಡಿ ಪುಡಿಯಲ್ಲಿ ಏನು ಬೆರೆಸಿರುತ್ತಾರೋ ದೇವರಿಗೇ ಗೊತ್ತು. ಹಸಿ ಟ್ಯಾಟೂಗೆ ಹಾಕಬೇಡಿ.

ಬೆಣ್ಣೆದೋಸೆ
ಮುಲಾಮಿನ ಅಲರ್ಜಿ ಅಂದಿರಲ್ಲ, ಅದು ನನ್ನ ಕೇಸು. ಭುಜದ ಮೇಲೆ ಬರೀ ಕಪ್ಪಿನ ಚಿಕ್ಕ ಚಿತ್ರ. ಮನೆಯಲ್ಲಿ ಗಾಯಕ್ಕೆಲ್ಲ ಹಚ್ಚುವ ಆಂಟಿಬಯಾಟಿಕ್ ಮುಲಾಮನ್ನೇ ಅಮ್ಮ ಬೆಣ್ಣೆ ಹಚ್ಚಿದ ಹಾಗೆ ಬಳಿದರು. ಎರಡನೇ ದಿನ ಸಣ್ಣ ನೀರ್ಗುಳ್ಳೆ. ಇನ್ಫೆಕ್ಷನ್ ಆಯಿತು ಎಂದು ಇನ್ನಷ್ಟು ಹಚ್ಚಿದರು. ಬೆಂಕಿಗೆ ತುಪ್ಪ. ಕೊನೆಗೆ ಡಾಕ್ಟರ್ ನೋಡಿ ಮುಲಾಮಿನಲ್ಲಿರುವ ಫ್ರಾಮೈಸೆಟಿನ್ ಎಂಬ ಆಂಟಿಬಯಾಟಿಕ್‌ಗೆ ಅಲರ್ಜಿ, ಆ ಮುಲಾಮು ನಿಲ್ಲಿಸಿ ಎಂದರು. ನಿಲ್ಲಿಸಿದ ಮೇಲೆ ತಾನಾಗಿ ಒಣಗಿತು. ಚಿತ್ರ ಮಾತ್ರ ಅಲ್ಲಲ್ಲಿ ಮಾಸಿದೆ.

ಚರ್ಮದ ಚೀಟಿ
ಫ್ರಾಮೈಸೆಟಿನ್, ನಿಯೋಮೈಸಿನ್ ಎರಡೂ ಒಂದೇ ಮನೆಯವು. ಒಂದಕ್ಕೆ ಆದರೆ ಇನ್ನೊಂದಕ್ಕೂ ಆಗುತ್ತದೆ. ಮುಂದೆ ಎಲ್ಲಾದರೂ ಗಾಯವಾದರೆ ಈ ಎರಡು ಹೆಸರು ಹೇಳಿ. ಸ್ವಚ್ಛವಾಗಿ ಹಾಕಿದ ಟ್ಯಾಟೂಗೆ ಆಂಟಿಬಯಾಟಿಕ್ ಮುಲಾಮೇ ಬೇಡ.

ಮಲ್ನಾಡ್ ಮಳೆ
ಮತ್ತೆ ಏನು ಹಚ್ಚಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸೂಜಿಮಲ್ಲಿಗೆ
ನಾನು ಹೇಳುವುದು ಇಷ್ಟೇ. ಕೈ ತೊಳೆದುಕೊಂಡು, ವಾಸನೆ ಇಲ್ಲದ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು. ಉಜ್ಜಬೇಡಿ, ಒತ್ತಿ ಒರೆಸಿ. ಸುವಾಸನೆ ಇಲ್ಲದ ಮಾಯಿಶ್ಚರೈಸರ್ ತೆಳ್ಳಗೆ. ಡೆಟಾಲ್ ಸುರಿಯಬೇಡಿ, ಚರ್ಮ ಸುಡುತ್ತದೆ. ಮೊದಲ ಎರಡು ಮೂರು ದಿನ ಕೆಂಪು, ಊತ, ಬಣ್ಣ ಬೆರೆತ ತಿಳಿನೀರು ಒಸರುವುದು ಮಾಮೂಲಿ. ಆಮೇಲೆ ಸಿಪ್ಪೆ, ಜೊತೆಗೆ ತುರಿಕೆ. ಮೇಲ್ಚರ್ಮ ಮಾಗಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯ ತನಕ ಕೆರೆ, ಹೊಳೆ, ಈಜುಕೊಳ, ಸಮುದ್ರ ಬೇಡ (ಮಲ್ನಾಡ್ ಅವರು ಗಮನಿಸಿ).

ಬರ್ಲಿನ್ ಭಟ್ಟ
ಇಲ್ಲಿ ಯುರೋಪಿನಲ್ಲಿ 2022ರ ಜನವರಿಯಿಂದ ಶಾಯಿಗೆ ನಿಯಮ ಬಂದಿದೆ. ಸಾವಿರಾರು ರಾಸಾಯನಿಕಗಳಿಗೆ ನಿಷೇಧ ಅಥವಾ ಮಿತಿ. ಆಮೇಲೆ 2023ರಲ್ಲಿ ಬ್ಲೂ 15:3, ಗ್ರೀನ್ 7 ಎಂಬ ಎರಡು ಬಣ್ಣವೂ ಹೋದವು. ನನಗೆ ಟ್ಯಾಟೂ ಹಾಕುವವನು ನೀಲಿ ಹಸಿರು ಇಲ್ಲದೆ ನಾನು ನವಿಲು ಹೇಗೆ ಬರೆಯಲಿ ಎಂದು ಗೋಳಾಡುತ್ತಿದ್ದ. ಈಗ ಹೊಸ ಶಾಯಿ ಬಂದಿವೆ, ಬೆಲೆ ಮಾತ್ರ ಏರಿದೆ.

ತಲೆಹರಟೆ
ಇಲ್ಲಿ ಒಂದೇ ನಿಯಮ: ದುಡ್ಡು ಮೊದಲೇ ಕೊಡಬೇಕು.

ಕಾಫಿಪುಡಿ
ನಮ್ಮಲ್ಲೂ ಮಾತು ಬಂದಿತ್ತು. 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಟ್ಯಾಟೂ ಶಾಯಿಯಲ್ಲಿ 22 ಲೋಹಗಳು ಸಿಕ್ಕಿವೆ, ನಿಯಮ ತರಲು ಕೇಂದ್ರಕ್ಕೆ ಬರೆಯುತ್ತೇವೆ ಎಂದಿದ್ದರು. ಪೇಪರಿನಲ್ಲಿ ಓದಿದ್ದು.

ಸೂಜಿಮಲ್ಲಿಗೆ
ನಿಯಮ ಬರಲಿ, ನಮಗೇ ಒಳ್ಳೆಯದು. ಈಗ ಏನಾಗುತ್ತಿದೆ ಎಂದರೆ ನಾನು ಸೀಲ್ ಇರುವ ಬಾಟಲಿ, ಒಬ್ಬರಿಗೆ ಒಂದೇ ಸೂಜಿ, ಹೊಸ ಗ್ಲೌಸ್ ಎಂದು ರೇಟು ಹೇಳಿದರೆ ಜನ ಜಾತ್ರೆಯ ರೇಟು ಹೇಳಿ ಎದ್ದು ಹೋಗುತ್ತಾರೆ.

ಹುಬ್ಳಿ ಗಿರಮಿಟ್
ಜಾತ್ರೆ ಅಂದರೆ ಅದೇ ಕಥೆ. ಗೆಳೆಯನೊಬ್ಬ ಜಾತ್ರೆಯಲ್ಲಿ ಅಪ್ಪು ಹೆಸರು ಬರೆಸಿಕೊಂಡ. ಕಾರ್ ಬ್ಯಾಟರಿಗೆ ತಂತಿ ಸಿಕ್ಕಿಸಿದ ಮಷಿನ್. ಇವನಿಗಿಂತ ಮುಂಚೆ ಕೂತವನ ರಕ್ತ ಒರೆಸಿದ ಬಟ್ಟೆಯಲ್ಲೇ ಇವನದೂ ಒರೆಸಿದರು. ಚರ್ಮಕ್ಕೆ ಏನೂ ಆಗಲಿಲ್ಲ. ಆದರೆ ಆಮೇಲೆ ಭಯ ಬಿದ್ದು ಮರುದಿನವೇ ಹೋಗಿ ಎಚ್‌ಐವಿ ಟೆಸ್ಟ್ ಮಾಡಿಸಿದ, ನೆಗೆಟಿವ್ ಬಂತೆಂದು ಪಾರ್ಟಿ ಕೊಟ್ಟ.

ಚರ್ಮದ ಚೀಟಿ
ಮರುದಿನದ ಟೆಸ್ಟ್‌ಗೆ ಅರ್ಥವೇ ಇಲ್ಲ. ಅದು ಅವತ್ತಿನ ಸ್ಥಿತಿ ಹೇಳುತ್ತದೆ ಅಷ್ಟೇ. ಮೂರು ತಿಂಗಳ ನಂತರ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರನ್ನೂ ಮತ್ತೆ ಮಾಡಿಸಲು ಹೇಳಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ದೊಡ್ಡವರೂ ಹಾಕಿಸಿಕೊಳ್ಳಬಹುದು. ಟ್ಯಾಟೂ ಹಾಕಿಸುವ ಆಸೆ ಇರುವವರು ಅದನ್ನು ಮೊದಲು ಮುಗಿಸಿಕೊಳ್ಳಿ.

ಬೆಣ್ಣೆದೋಸೆ
ಟ್ಯಾಟೂ ಇದ್ದರೆ ಜೀವನದಲ್ಲಿ ರಕ್ತ ಕೊಡುವ ಹಾಗೇ ಇಲ್ಲವಂತೆ, ನಿಜವಾ?

ಚರ್ಮದ ಚೀಟಿ
ಸುಳ್ಳು. ಹಾಕಿಸಿದ ದಿನದಿಂದ 12 ತಿಂಗಳು ಕೊಡುವ ಹಾಗಿಲ್ಲ. ಆಮೇಲೆ ಕೊಡಬಹುದು.

ತಲೆಹರಟೆ
ಆರ್ಮಿಗೆ?

ಹುಬ್ಳಿ ಗಿರಮಿಟ್
ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆ ಇದ್ದರೆ ಭರ್ತಿಯಲ್ಲಿ ಕಷ್ಟ. ಬುಡಕಟ್ಟಿನವರಿಗೆ ಅವರ ಪದ್ಧತಿಯ ಪ್ರಕಾರ ವಿನಾಯಿತಿ ಇದೆ. ನಿನಗೆ ಯಾಕೆ, ನೀನು ಓಡಿದ್ದು ಯಾವಾಗ?

ಸೂರ್ಯಕಾಂತಿ ಎಲ್ಲೋ
ನನ್ನದು ಉಲ್ಟಾ ಕೇಸ್. ಕಲಬುರಗಿ ಬಿಸಿಲಿನಲ್ಲಿ ಸ್ಕೂಟರ್ ಓಡಿಸಿದರೆ ನನ್ನ ಹೂವಿನ ಹಳದಿ ದಳಗಳು ಮಾತ್ರ ಉಬ್ಬಿ ಉರಿಯುತ್ತವೆ. ಮನೆಗೆ ಬಂದು ಫ್ಯಾನ್ ಕೆಳಗೆ ಕೂತರೆ ಇಳಿಯುತ್ತದೆ.

ಚರ್ಮದ ಚೀಟಿ
ಬಿಸಿಲಿಗೆ ಹಳದಿ ಉಬ್ಬುವುದು ಹಳೆಯ ಪರಿಚಯ. ಕ್ಯಾಡ್ಮಿಯಂ ಸಲ್ಫೈಡ್ ಇರುವ ಹಳದಿ ಬೆಳಕಿಗೆ ಹೀಗೆ ಕೆರಳುತ್ತದೆ. ಕೆಲವು ಕೆಂಪಿನಲ್ಲೂ ಅದನ್ನು ಬೆರೆಸುತ್ತಿದ್ದರು. ನಿಮ್ಮ ಶಾಯಿಯಲ್ಲಿ ಅದೇ ಇದೆ ಎಂದು ಇಲ್ಲಿಂದ ಹೇಳಲಾರೆ. ತುಂಬು ತೋಳು ಹಾಕಿ, ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಹಚ್ಚಿ, ಒಂದು ಸಲ ತೋರಿಸಿ.

ನೀಲಗಿರಿ ತೈಲ
ಶಾಶ್ವತದ್ದು ಬೇಡ ಎಂದು ಹದಿನೈದು ದಿನ ಇರುವ ಕಪ್ಪು ಮೆಹೆಂದಿ ಟ್ಯಾಟೂ ಹಾಕಿಸುವವರಿಗೂ ಒಂದು ಮಾತು. ಬೀಚಿನಲ್ಲಿ ಅಕ್ಕನ ಮಗಳು ಹಾಕಿಸಿಕೊಂಡಳು. ವಾರದೊಳಗೆ ಡ್ರಾಗನ್ ಆಕಾರದಲ್ಲೇ ಬೊಕ್ಕೆ, ರೆಕ್ಕೆ ಬಾಲ ಎಲ್ಲ ಸಮೇತ. ನಿಜವಾದ ಗೋರಂಟಿ ಕಿತ್ತಳೆ, ಕಂದು ಬರುತ್ತದೆ, ಅರ್ಧ ಗಂಟೆಗೆ ಕಪ್ಪಾಗುವುದಿಲ್ಲ. ಕಪ್ಪಾಗಲು ಪಿಪಿಡಿ ಎಂಬ ಹೇರ್ ಡೈ ರಾಸಾಯನಿಕ ಹಾಕುತ್ತಾರೆ. ಒಮ್ಮೆ ಅಲರ್ಜಿ ಹತ್ತಿತು ಎಂದರೆ ಮುಂದೆ ತಲೆಗೆ ಬಣ್ಣ ಹಚ್ಚಿದಾಗಲೂ ಮುಖ ಊದುತ್ತದೆ.

ಕಾಫಿಪುಡಿ
ಸೋರಿಯಾಸಿಸ್ ಇರುವವರು ಹಾಕಿಸಬಹುದಾ?

ಚರ್ಮದ ಚೀಟಿ
ಚುಚ್ಚಿದ ಜಾಗದಲ್ಲೇ ಹೊಸ ಸೋರಿಯಾಸಿಸ್ ಏಳುವ ಸಾಧ್ಯತೆ ಇದೆ. ತೊನ್ನಿಗೂ ಹಾಗೇ. ಕಾಯಿಲೆ ಕೆರಳಿರುವಾಗ ಬೇಡ. ಸಕ್ಕರೆ ಕಾಯಿಲೆ ಹತೋಟಿ ಇಲ್ಲದವರು, ಗಾಯವಾದರೆ ಗಂಟು ಕಟ್ಟುವವರು ಕೂಡ ಮೊದಲು ಡಾಕ್ಟರನ್ನು ಕೇಳಿ.

ಬಯಲುಸೀಮೆ ಹೈದ
ಎಲ್ಲರಿಗೂ ಥ್ಯಾಂಕ್ಸ್. ತೋರಿಸಿಕೊಂಡು ಬಂದೆ. ಡಾಕ್ಟರ್ ಮೊದಲು ಕೇಳಿದ್ದೇ ಬಾಟಲಿ ಫೋಟೋ. ಅದು ಹೇಗೋ ಸಿಕ್ಕಿತ್ತು. ಲೇಬಲ್ಲಿನಲ್ಲಿ ಬ್ಯಾಚ್ ನಂಬರ್ ಇಲ್ಲ, ಕೋಡ್ ಇಲ್ಲ, ಬರೀ "ಬ್ಲಡ್ ರೆಡ್". ಮರಗಟ್ಟಿಸಿ ಪೆನ್ಸಿಲ್ ಮೊನೆಯಷ್ಟು ಅಗಲದ ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರು. ಸೋಂಕು ಇಲ್ಲ, ಶಾಯಿಯ ಅಲರ್ಜಿ ಎಂದು ರಿಪೋರ್ಟ್ ಬಂತು. ಉಬ್ಬಿನೊಳಗೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರೆ. ನೋವು ಟ್ಯಾಟೂಗಿಂತ ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ದಕ್ಷಿಣ ಕರ್ನಾಟಕ ಸ್ವಲ್ಪ ಇಳಿದಿದೆ.

ಲೇಸರ್ ಬಗ್ಗೆ ಕೇಳಿದೆ. ಸದ್ಯಕ್ಕೆ ಬೇಡವೇ ಬೇಡ ಎಂದರು.

ಮಲ್ನಾಡ್ ಮಳೆ
ಯಾಕಂತೆ? ತೆಗೆದುಬಿಟ್ಟರೆ ಮೂಲವೇ ಹೋಗುತ್ತಲ್ವಾ?

ಚರ್ಮದ ಚೀಟಿ
ಲೇಸರ್ ಶಾಯಿಯನ್ನು ಎತ್ತಿ ಹೊರಗೆ ಹಾಕುವುದಿಲ್ಲ. ಪುಡಿ ಮಾಡುತ್ತದೆ ಅಷ್ಟೇ, ಆ ಪುಡಿಯನ್ನು ನಮ್ಮ ಮೈಯೇ ಒಳಗೊಳಗೆ ಸಾಗಿಸುತ್ತದೆ. ಅಲರ್ಜಿ ಇರುವವರಿಗೆ ಪುಡಿ ಹರಡಿದರೆ ಕೈ ಮೇಲಿದ್ದ ತುರಿಕೆ ಮೈಯೆಲ್ಲ ಬರಬಹುದು, ಅಪರೂಪಕ್ಕೆ ಉಸಿರಾಟಕ್ಕೂ ತೊಂದರೆ. ಇಂಜೆಕ್ಷನ್‌ಗೂ ಬಗ್ಗದಿದ್ದರೆ ಆ ಬಣ್ಣದ ಪದರವನ್ನೇ ಹೆರೆದು ಅಥವಾ ಕತ್ತರಿಸಿ ತೆಗೆಯುತ್ತಾರೆ. ಕಲೆ ಉಳಿಯುತ್ತದೆ. ಇಂಜೆಕ್ಷನ್ ಜಾಗ ಗುಳಿ ಬೀಳುವುದು, ಬಿಳಿಚುವುದು ಆಗಬಹುದು, ಗಾಬರಿ ಬೇಡ, ಮುಂದಿನ ಸಲ ಹೋದಾಗ ಹೇಳಿ.

ತಲೆಹರಟೆ
ಕತ್ತರಿಸಿದರೆ ಬೆಂಗಳೂರು, ಮೈಸೂರು ಎರಡೂ ಹೋಯಿತು. ವಿಧಾನಸೌಧ ಎಲ್ಲಿ ಕಟ್ಟೋಣ?

ಹುಬ್ಳಿ ಗಿರಮಿಟ್
ಸುವರ್ಣ ವಿಧಾನಸೌಧ ಬೆಳಗಾವಿಯಲ್ಲಿ ರೆಡಿ ಇದೆ. ಬರ್ರಿ.

ಬಯಲುಸೀಮೆ ಹೈದ
ಹಾಕಿಸಿದ ಕಡೆ ರಿಪೋರ್ಟ್ ತೋರಿಸಿದೆ. ಆ ಬಾಟಲಿ ಎಸೆದೆವು ಎಂದರು. ನಂಬಬೇಕೋ ಬಿಡಬೇಕೋ.

ಸೂಜಿಮಲ್ಲಿಗೆ
ಮುಂದೆ ಎಲ್ಲೇ ಏನೇ ಹಾಕಿಸಿದರೂ ಕೆಂಪು ಬೇಡ. ಗುಲಾಬಿ, ಕಿತ್ತಳೆ, ನೇರಳೆಯಲ್ಲೂ ಕೆಂಪು ಬೆರೆತಿರುತ್ತದೆ. ತುಟಿಗೆ ಬಣ್ಣ ತುಂಬುವ ಪರ್ಮನೆಂಟ್ ಮೇಕಪ್ಪೂ ಅದೇ ಜಾತಿಯ ಶಾಯಿ, ಮನೆಯಲ್ಲಿ ಯಾರಿಗಾದರೂ ಆಸೆ ಇದ್ದರೆ ಹೇಳಿ.

ನೀಲಗಿರಿ ತೈಲ
ಹುಬ್ಬಿಗೆ ಮಾಡುತ್ತಾರಲ್ಲ, ಮೈಕ್ರೋಬ್ಲೇಡಿಂಗ್, ಅದೂನಾ? ಅಕ್ಕ ಮುಂದಿನ ವಾರ ಬುಕ್ ಮಾಡಿದ್ದಾಳೆ.

ಸೂಜಿಮಲ್ಲಿಗೆ
ಅದೂ ಟ್ಯಾಟೂನೇ, ಸೂಜಿ ಬದಲು ಬ್ಲೇಡು. ಕಂದು ಶಾಯಿಯಲ್ಲಿ ಕೆಂಪು, ಹಳದಿ ಎಲ್ಲ ಇರಬಹುದು. ಹೇರ್ ಡೈ ಅಲರ್ಜಿ ಇದ್ದರೆ ಅದನ್ನೂ ಮೊದಲೇ ಹೇಳಲಿ, ಕೆಲವರು ಹುಬ್ಬಿಗೆ ಡೈಯನ್ನೂ ಹಚ್ಚುತ್ತಾರೆ. ಬಾಟಲಿ ನೋಡಿಯೇ ಕೂರಲು ಹೇಳಿ.